ವೈಜಯಂತಿಯವರು ಬರೆದ ಏಳು ದಿನದ ಊಟ

ವೈಜಯಂತಿಯವರು ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ದೇವರಿಗೆ ತೋರಿಸುವ ಮೊದಲು ನಾಲಗೆಗೆ ಸೋಕಿದ್ದು ಎಂಜಲು ಎಂಬುದು ಅವರ ಮನೆಯ ಪದ್ಧತಿ. ಸಾರು ಕುದಿಯುವಾಗ ಏಳುವ ಹಬೆಗೆ ಮೂಗೊಡ್ಡಿ, ಒಂದು ಗಳಿಗೆ ಕಣ್ಣು ಮುಚ್ಚಿ, ‘ಉಪ್ಪು ಒಂದು ಚಿಟಿಕೆ ಸಾಲದು’ ಎಂದು ಹಾಕಿಬಿಡುತ್ತಿದ್ದರು. ನಾನು ಅವರ ಮನೆಯಲ್ಲಿ ಉಂಡ ಎರಡು ವರ್ಷದಲ್ಲಿ ಒಮ್ಮೆಯೂ ಉಪ್ಪು ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಆಹಾರ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡುತ್ತೇನೆಂದು ದೆಹಲಿಗೆ ಬಂದಿದ್ದ ನನಗೆ ಇದನ್ನು ನೋಡಿದರೆ ಹೊಟ್ಟೆಕಿಚ್ಚು. ಹತ್ತು ಸಲ ಚಮಚ ನೆಕ್ಕಿ ಮಾಡಿದರೂ ನನ್ನ ಸಾರು ಬಿಸಿನೀರಿನ ಮಟ್ಟ ದಾಟುತ್ತಿರಲಿಲ್ಲ.

ಅವರು ನಂಜನಗೂಡಿನವರು. ತಂದೆ ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದವರು. ಮಗಳನ್ನು ಮಾತ್ರ ಒಲೆಯಿಂದ ದೂರ ಇಡಬೇಕೆಂದು ಟಿ.ಸಿ.ಎಚ್. ಓದಿಸಿದರು. ವೈಜಯಂತಿಯವರಿಗೆ ಮೇಷ್ಟ್ರಾಗುವ ಆಸೆ ಇತ್ತು, ಅದಕ್ಕೆ ತಕ್ಕ ಗುಂಡು ಗುಂಡಾದ ಅಕ್ಷರವೂ ಇತ್ತು. ಆದರೆ ಕೆಲಸದ ಆದೇಶ ಬರುವ ಮೊದಲೇ ಸುದರ್ಶನ್ ಅವರ ಸಂಬಂಧ ಬಂತು. ಗಂಡ ನೋಯ್ಡಾದಲ್ಲಿ ಸ್ವಿಚ್ಚು, ಪ್ಲಗ್ಗು ಮಾಡುವ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವರು. ಬೆಳಿಗ್ಗೆ ಆರೂವರೆಗೆ ಚಾರ್ಟರ್ಡ್ ಬಸ್ಸು ಹತ್ತಿದರೆ ರಾತ್ರಿ ಎಂಟಕ್ಕೆ ಮನೆ. ದಿನವಿಡೀ ಸ್ವಿಚ್ಚು ಒತ್ತಿ ನೋಡುವ ಆ ಮನುಷ್ಯ ಮನೆಗೆ ಬಂದರೆ ಲೈಟು ಹಾಕಲೂ ಏಳುತ್ತಿರಲಿಲ್ಲ. ಹೀಗಾಗಿ ದೆಹಲಿಯ ಮುನಿರ್ಕಾದಲ್ಲಿದ್ದ ಅವರ ಎರಡು ಕೋಣೆಯ ಮನೆಯ ಆಡಳಿತವೆಲ್ಲ ವೈಜಯಂತಿಯವರದೇ.

ಮುನಿರ್ಕಾ ಅಂದರೆ ಎರಡೂ ಕಡೆಯ ಬಾಲ್ಕನಿಯವರು ಕೈ ಚಾಚಿ ಸಕ್ಕರೆ ಸಾಲ ಪಡೆಯಬಹುದಾದಷ್ಟು ಅಗಲದ ಗಲ್ಲಿಗಳು. ನಾನೂ ನನ್ನ ಕೋಣೆಯ ಜೊತೆಗಾತಿ ರತ್ನಪ್ರಭಾಳೂ ಮೂರನೇ ಮಹಡಿಯಲ್ಲಿದ್ದೆವು, ವೈಜಯಂತಿಯವರು ಎರಡನೆಯದರಲ್ಲಿ. ರತ್ನಪ್ರಭಾ ಬಾಗಲಕೋಟೆಯವಳು, ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದಳು, ಕಡ್ಡಿಯ ಹಾಗೆ ತೆಳ್ಳಗಿದ್ದಳು. ನಾವಿಬ್ಬರೂ ಎರಡು ಹೊತ್ತೂ ಅವರಲ್ಲೇ ಉಣ್ಣುತ್ತಿದ್ದೆವು. ಬಡಿಸುವುದರಲ್ಲೂ ಅವರದು ತಂದೆಯಿಂದ ಬಂದ ಕ್ರಮ. ತಟ್ಟೆಗೆ ಮೊದಲು ತುಪ್ಪ ಸೋಕಬೇಕು, ಆಮೇಲೆ ಪಲ್ಯ, ಅನ್ನ, ತೊವ್ವೆ, ಅದರ ಮೇಲೊಮ್ಮೆ ತುಪ್ಪ. ಹುಳಿಯನ್ನಕ್ಕೆ ಬೇರೆ, ಸಾರನ್ನಕ್ಕೆ ಬೇರೆ. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುತ್ತದೆಂದು ತುಪ್ಪದ ಮಿಳ್ಳೆಯನ್ನು ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಕೂರಿಸಿರುತ್ತಿದ್ದರು. ಕೊಕ್ಕಿನಂಥ ಬಾಯಿಯ ಆ ಪುಟ್ಟ ಹಿತ್ತಾಳೆ ಪಾತ್ರೆ ಅವರ ಕೈಯಲ್ಲಿ ಬಗ್ಗುವುದೂ ಏಳುವುದೂ ಕಣ್ಣಿಗೆ ಕಾಣದಷ್ಟು ಬೇಗ ಆಗುತ್ತಿತ್ತು.

ಅವರ ಒಬ್ಬಳೇ ಮಗಳು ಇಂಚರಾ. ಒಂಬತ್ತು ವರ್ಷ, ನಾಲ್ಕನೇ ತರಗತಿ, ತೂಕ ನಲವತ್ತೆಂಟು ಕಿಲೋ. ಗುಂಗುರು ಕೂದಲು, ಬಲು ಚುರುಕು, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ. ಚಿಕ್ಕವಳಿದ್ದಾಗ ಗಲ್ಲಿಯ ಹೆಂಗಸರೆಲ್ಲ ಗಲ್ಲ ಹಿಂಡಿ ‘ಖಾತೇ ಪೀತೇ ಘರ್ ಕೀ ಹೈ’ ಎಂದು ಮೆಚ್ಚುತ್ತಿದ್ದರಂತೆ, ಉಂಡು ತಿನ್ನುವ ಮನೆಯ ಮಗು ಎಂದು. ಎಂಟು ತುಂಬುವ ಹೊತ್ತಿಗೆ ಅದೇ ಹೆಂಗಸರು ಅದೇ ಗಲ್ಲ ನೋಡಿ ನಾಲಗೆ ಲೊಚಗುಟ್ಟತೊಡಗಿದರು. ಊರಿಂದ ಅತ್ತೆ ಶಾರದಮ್ಮನವರು ಪ್ರತಿ ಭಾನುವಾರ ಫೋನಿನಲ್ಲಿ, ‘ಏನು ತಿನ್ನಿಸ್ತೀಯೇ ಆ ಮಗುಗೆ?’ ಎಂದು ಕೇಳುತ್ತಿದ್ದರು. ಮೊಮ್ಮಗಳು ಊರಿಗೆ ಹೋದಾಗ ಎರಡು ಕೈಯಲ್ಲಿ ತಿನ್ನಿಸುತ್ತಿದ್ದವರೂ ಅವರೇ.

2008ರ ನವೆಂಬರಿನಲ್ಲಿ ಶಾಲೆಯಿಂದ ಒಂದು ಕಾಗದ ಬಂತು. ಮಗುವಿನ ತೂಕ ಅತಿಯಾಗಿದೆ, ಮನೆಯ ಆಹಾರದ ಬಗ್ಗೆ ಪೋಷಕರು ಗಮನ ಕೊಡಬೇಕು ಎಂದು. ಅದೇ ವಾರ ವಾರ್ಷಿಕೋತ್ಸವದ ನೃತ್ಯದಿಂದ ಇಂಚರಾಳನ್ನು ತೆಗೆದು ಹಿಂದೆ ನಿಲ್ಲುವ ಬೆಟ್ಟದ ಪಾತ್ರ ಕೊಟ್ಟರು. ಬೆಟ್ಟಕ್ಕೆ ಮಾತೂ ಇಲ್ಲ, ಕುಣಿತವೂ ಇಲ್ಲ. ಒಂಬತ್ತು ವರ್ಷದ ಹುಡುಗಿಗೆ ಬೆಟ್ಟವಾಗು ಎಂದು ಹೇಳುವ ಟೀಚರು ಕನ್ನಡಿ ಮುಂದೆ ನಿಂತು ತನಗೇ ಒಮ್ಮೆ ಹಾಗೆ ಹೇಳಿಕೊಂಡು ನೋಡಬೇಕು. ನನಗೆ ಮೈ ಉರಿದುಹೋಯಿತು. ವೈಜಯಂತಿಯವರು ಮಾತ್ರ ಆ ಕಾಗದವನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, “ನನ್ನ ಮಗಳು ಹೊರಗಿನ ಒಂದು ಸಮೋಸಾ ಮುಟ್ಟಲ್ಲ ಹರ್ಷಿಣಿ. ನಾನು ಎಲ್ಲಿ ತಪ್ಪಿದೆ ಅಂತ ಯಾರಾದ್ರೂ ತೋರಿಸ್ಲಿ, ತಿದ್ದಿಕೊಳ್ತೀನಿ” ಎಂದರು. ತೋರಿಸಲು ನಾನು ಮುಂದಾದೆ. ತಪ್ಪು ಶುರುವಾದದ್ದು ಅಲ್ಲಿ.

ನನ್ನ ಸಂಶೋಧನೆಯ ವಿಷಯವೇ ಅದಾಗಿತ್ತು. ನಾಲಗೆ ಸಿಹಿ, ಹುಳಿ, ಉಪ್ಪುಗಳನ್ನು ಗುರುತಿಸುವ ಹಾಗೆ ಕೊಬ್ಬನ್ನೂ ಗುರುತಿಸುತ್ತದೆಯೇ? ಅದಕ್ಕೆಂದೇ ಇರುವ ಒಂದು ಪ್ರೋಟೀನನ್ನು ತೆಗೆದುಹಾಕಿದರೆ ಇಲಿಗಳಿಗೆ ಕೊಬ್ಬಿರುವ ಆಹಾರಕ್ಕೂ ಇಲ್ಲದ ಆಹಾರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲವೆಂದು ಮೂರು ವರ್ಷದ ಹಿಂದೆ ಹೊರದೇಶದ ಒಂದು ವರದಿ ಬಂದಿತ್ತು. ಆ ಪ್ರೋಟೀನು ಎಷ್ಟು ಇರಬೇಕೆಂದು ಹೇಳುವ ಜೀನ್ ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಹಾಗಾದರೆ ಕೆಲವು ಮಕ್ಕಳ ನಾಲಗೆಗೆ ಜಿಡ್ಡು ಗೊತ್ತಾಗುವುದೇ ತಡವಾಗಿ, ಅದಕ್ಕೇ ಅವರು ಹೆಚ್ಚು ತಿನ್ನುತ್ತಾರೆಯೇ? ಇದು ಪ್ರಶ್ನೆ. ಉತ್ತರ ಯಾರಿಗೂ ಗೊತ್ತಿರಲಿಲ್ಲ, ನನ್ನ ಮಾರ್ಗದರ್ಶಕರಾದ ಚಂದ್ರಮೋಹನ ಸರ್‌ಗೂ ಗೊತ್ತಿರಲಿಲ್ಲ. ಆದರೆ ಅವರು ಗೊತ್ತಿರುವವರ ಹಾಗೆ ಮಾತಾಡಬಲ್ಲರು.

ನಾವು ಮಾಡುತ್ತಿದ್ದದ್ದು ಇಷ್ಟು. ತಾಯಿ, ಮಗು ಇಬ್ಬರ ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ಜೀನ್ ಪರೀಕ್ಷೆಗೆ ಕಳಿಸುವುದು. ಏಳು ದಿನ ಮಗು ತಿಂದದ್ದನ್ನೆಲ್ಲ ತಾಯಿಯಿಂದ ಬರೆಸುವುದು. ಕೊನೆಗೆ ಒಂದು ದಿನ ಪ್ರಯೋಗಾಲಯಕ್ಕೆ ಕರೆಸಿ ನಾಲಗೆಯ ಪರೀಕ್ಷೆ ಮಾಡುವುದು. ವೈಜಯಂತಿಯವರು ತಾವಾಗಿಯೇ ಹೆಸರು ಕೊಟ್ಟರು. “ರಕ್ತದಲ್ಲೇ ಇದೆ ಅಂತಾದ್ರೆ ಇದೆ ಅನ್ಲಿ. ನನ್ನ ಕೈಯ ತಪ್ಪು ಅಂತಾದ್ರೆ ಅದನ್ನಾದ್ರೂ ಹೇಳ್ಲಿ” ಎಂದರು.

ಅವರು ಬರೆದ ಏಳು ದಿನದ ಊಟದ ಪುಸ್ತಕ ನೋಡಿ ನಾನು ಬೆರಗಾದೆ. ಬೇರೆ ತಾಯಂದಿರು ‘ದಾಲ್, ಸಬ್ಜಿ, ರೋಟಿ’ ಎಂದು ಗೀಚಿ ಕೊಡುತ್ತಿದ್ದರು. ಇವರದು ಅಡಿಗೆರೆ ಎಳೆದ ದಿನಾಂಕ, ಗುಂಡಾದ ಅಕ್ಷರ. ‘ಬೆಳಿಗ್ಗೆ ಏಳೂಕಾಲು: ದೋಸೆ ಎರಡು, ಅಂಗೈ ಅಗಲದ್ದು. ಶಾಲೆಯ ಡಬ್ಬಿ: ಚಪಾತಿ ಎರಡು, ಕ್ಯಾರೆಟ್ ಪಲ್ಯ ಒಂದು ಹಿಡಿ. ಮಧ್ಯಾಹ್ನ: ಅನ್ನ ಎರಡು ಸೌಟು, ಹುರುಳಿಕಾಯಿ ಪಲ್ಯ, ತೊವ್ವೆ, ಹುಳಿ, ಸಾರು, ಮಜ್ಜಿಗೆ.’ ಒಂದು ದಿನ ಇಂಚರಾ ತಟ್ಟೆಯಲ್ಲಿ ಬಿಟ್ಟೆದ್ದ ಎರಡು ತುತ್ತನ್ನು ಕೂಡ ಕಳೆದು ಬರೆದಿದ್ದರು. ನಾನು ಮರುಮಾತಾಡದೆ ಆ ಪುಸ್ತಕ ನೋಡಿಕೊಂಡು ನಮ್ಮ ಫಾರಂ ತುಂಬಿದೆ. ಒಂದೊಂದು ಸಾಲನ್ನೂ ತಾಯಿಯ ಎದುರು ಕೂತು ಕೇಳಿ ತುಂಬಬೇಕೆಂಬ ನಿಯಮವಿತ್ತು. ಇವರನ್ನು ಕೇಳುವುದೇನಿದೆ, ನಾನೇ ದಿನಾ ಅಲ್ಲಿ ಉಣ್ಣುತ್ತೇನಲ್ಲ ಎಂದುಕೊಂಡೆ.

ಚಂದ್ರಮೋಹನ ಸರ್ ಫಾರಂ ನೋಡಿ ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟಿದರು. ಇಷ್ಟು ತಿನ್ನುವ ಮಗು ಇಷ್ಟು ತೂಗಲು ಸಾಧ್ಯವಿಲ್ಲ, ದಿನಕ್ಕೆ ಆರೇಳು ನೂರು ಕ್ಯಾಲೊರಿ ಎಲ್ಲಿಂದಲೋ ಬರುತ್ತಿದೆ ಎಂದರು. “ಒಂದೋ ತಾಯಿ ಸುಳ್ಳು ಬರೆದಿದ್ದಾಳೆ, ಇಲ್ಲವೇ ಹುಡುಗಿ ಕದ್ದು ತಿನ್ನುತ್ತಿದ್ದಾಳೆ. ಇಂಥ ಮಕ್ಕಳು ಹಾಗೇ” ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟು ಚಹಾಕ್ಕೆ ಎದ್ದರು. ಇಂಥ ಮಕ್ಕಳು ಅಂದರೆ ಎಂಥ ಮಕ್ಕಳು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಸುಮ್ಮನೆಯಾದರೂ ಇರಬಹುದಿತ್ತು. ಅದೂ ಆಗಲಿಲ್ಲ. ಅಂದು ಸಂಜೆ ಮೆಟ್ಟಿಲ ಬಳಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ವೈಜಯಂತಿಯವರನ್ನು ಕಂಡು, ಸಹಾಯ ಮಾಡುತ್ತಿದ್ದೇನೆಂಬ ಹುಮ್ಮಸ್ಸಿನಲ್ಲಿ ಬಾಯಿಬಿಟ್ಟೆ.

“ಅಕ್ಕ, ಇಂಚರಾ ಸ್ಕೂಲಲ್ಲಿ ಏನಾದ್ರೂ ತಿಂತಾಳಾ? ಯಾರ್ದಾದ್ರೂ ಡಬ್ಬೀಲೋ, ಇಲ್ಲಾ ಮನೇಲೇ ನಿಮಗೆ ಗೊತ್ತಾಗದ ಹಾಗೋ?”

“ಯಾಕೆ ಕೇಳ್ತಿದ್ದೀಯ?”

“ನೀವು ಬರೆದಿರೋದಕ್ಕೂ ಅವಳ ತೂಕಕ್ಕೂ ಹೊಂದ್ತಾ ಇಲ್ಲವಂತೆ. ಸರ್ ಹೇಳಿದ್ರು.”

ಅವರ ಮುಖ ಬಿಳಿಚಿಕೊಂಡಿತು. “ನಾನು ಸುಳ್ಳು ಬರೆದಿದ್ದೀನಿ ಅಂತಲಾ?”

“ಛೆ, ನಿಮ್ಮ ಬಗ್ಗೆ ಅಲ್ಲ ಅಕ್ಕ.”

ಅವರು ಬಟ್ಟೆಗಳನ್ನು ತೋಳಿಗೆ ಹಾಕಿಕೊಂಡು ಒಳಗೆ ಹೋದರು. ತಮ್ಮ ಬಗ್ಗೆ ಅಲ್ಲವೆಂದ ಮೇಲೆ ಇನ್ನು ಯಾರ ಬಗ್ಗೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಿಗೆ ತಾವು ಬರೆದದ್ದು ಅಕ್ಷರಶಃ ಸತ್ಯವೆಂದು ಗೊತ್ತಿತ್ತು. ಆ ಸತ್ಯದ ಮೇಲೆ ಅವರಿಗಿದ್ದ ನಂಬಿಕೆಯೇ ಮಗಳಿಗೆ ಮುಳುವಾಯಿತು.

ಮರುದಿನದಿಂದ ಅಡುಗೆಮನೆಯ ಕಪಾಟಿಗೆ ಬೀಗ ಬಿತ್ತು. ಇಂಚರಾ ಶಾಲೆಯಿಂದ ಬಂದ ಕೂಡಲೇ ಬಾಗಿಲಲ್ಲೇ ಬ್ಯಾಗು ಸುರಿಸುವುದು, ಜೇಬು ತಡಕುವುದು, ಬಾಯಿ ಮೂಸುವುದು. ಮೂರನೇ ದಿನ ಬ್ಯಾಗಿನಿಂದ ಒಂದು ಟಾಫಿಯ ಕಾಗದ ಉದುರಿತು. ನಾನು ಊಟಕ್ಕೆಂದು ಇಳಿದು ಬರುತ್ತಿದ್ದೆ.

“ಇದೇನೇ?”

“ಕ್ಲಾಸ್ ಮೇ ಬರ್ತ್‌ಡೇ ಥಾ ಅಮ್ಮಾ. ಸಬ್ ಕೋ ಮಿಲಾ.”

“ಕನ್ನಡದಲ್ಲಿ ಹೇಳು.”

“ಎಲ್ಲರಿಗೂ ಕೊಟ್ರು. ನಿಜ.”

“ಕಳ್ಳಿ. ಬಾಯಿ ಬಿಟ್ರೆ ಸುಳ್ಳು. ನಿನ್ನಿಂದಾಗಿ ನಾನು ಜನರ ಮುಂದೆ ಸುಳ್ಳಿ ಅನ್ನಿಸಿಕೊಂಡೆ.”

ಇಂಚರಾ ಅಳಲಿಲ್ಲ. ಸುರಿದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಬ್ಯಾಗಿಗೆ ತುಂಬಿದಳು. ನನ್ನ ಕಡೆ ನೋಡಿದಳು, ದೀದಿ ಏನಾದರೂ ಹೇಳುತ್ತಾಳೆ ಎಂದು ಕಾದ ನೋಟ ಅದು. ನಾನು ತಟ್ಟೆ ತೆಗೆದುಕೊಂಡು ಕೂತೆ. ಅಂದಿನ ಊಟವನ್ನೂ ಪೂರ್ತಿ ಉಂಡೆ.

ಆರು ವಾರ ಹೀಗೇ ನಡೆಯಿತು. ಸಂಜೆಯ ತಿಂಡಿ ನಿಂತಿತು, ಡಬ್ಬಿಗೆ ಪಲ್ಯವಿಲ್ಲದೆ ಎರಡೇ ಚಪಾತಿ. ಮೂರು ಹೊತ್ತಿನ ಊಟ ಮಾತ್ರ ಎಂದಿನಂತೆ, ಎಂದಿನ ಕ್ರಮದಲ್ಲಿ. ತೂಕ ಒಂದೂವರೆ ಕಿಲೋ ಏರಿತು. ವೈಜಯಂತಿಯವರಿಗೆ ಇದು ಇನ್ನೊಂದು ಸಾಕ್ಷಿಯಾಯಿತು. ಸುದರ್ಶನ್ ಅವರು ಒಮ್ಮೆ, “ಹೋಗ್ಲಿ ಬಿಡೇ, ಮಗು” ಎಂದದ್ದಕ್ಕೆ, “ಕಳ್ಳತನ ಕಲಿತ್ರೆ ಮುಂದೆ ನೀವು ನೋಡ್ಕೊಳ್ತೀರಾ?” ಎಂದು ಅವರ ಬಾಯಿ ಮುಚ್ಚಿಸಿದರು. ಬೇಸಿಗೆಯಲ್ಲಿ ಮಗಳನ್ನು ಊರಿಗೆ ಕಳಿಸಿ ಅಲ್ಲೇ ಒಂದು ಹಾಸ್ಟೆಲಿಗೆ ಸೇರಿಸುವ ಮಾತೂ ಫೋನಿನಲ್ಲಿ ನಡೆಯುತ್ತಿತ್ತು. ಹಾಸ್ಟೆಲಿನ ಫಾರಂ ತರಿಸಿದ ದಿನ ಇಂಚರಾ ಬಾಲ್ಕನಿಯಲ್ಲಿ ಒಬ್ಬಳೇ ನಿಂತು ಎದುರು ಮನೆಯ ಟಿ.ವಿ.ಯನ್ನು ನೋಡುತ್ತಿದ್ದಳು. ಆ ಮನೆಯವರು ಕರೆದರೂ ಹೋಗಲಿಲ್ಲ. ಹೋದರೆ ತಿಂದು ಬಂದಿದ್ದೀಯ ಎಂದು ಅಮ್ಮ ಬೈಯುತ್ತಾಳೆ ಎಂದು ನನಗೆ ಹೇಳಿದಳು. ಆಮೇಲೆ ನನ್ನೊಡನೆಯೂ ಮಾತು ಕಡಿಮೆ ಮಾಡಿದಳು.

ಜನವರಿಯ ಒಂದು ಶನಿವಾರ ನಾಲಗೆಯ ಪರೀಕ್ಷೆ. ಜನ ಸಾಲದೆ ನಾನು ರತ್ನಪ್ರಭಾಳನ್ನೂ ಎಳೆದುಕೊಂಡು ಹೋಗಿದ್ದೆ. ಒಂದು ಪುಟ್ಟ ಕೋಣೆ, ಬಣ್ಣ ಕಾಣಬಾರದೆಂದು ಕೆಂಪು ಬಲ್ಬು, ವಾಸನೆ ಬಡಿಯಬಾರದೆಂದು ಮೂಗಿಗೆ ಈಜುವವರ ಕ್ಲಿಪ್ಪು. ಮುಂದೆ ಮೂರು ಲೋಟ. ಎರಡರಲ್ಲಿ ಬರೀ ಕೆನೆ ತೆಗೆದ ಹಾಲಿನ ನೀರು, ಒಂದರಲ್ಲಿ ಅದಕ್ಕೇ ಕಲಸಿದ ಕೊಬ್ಬಿನ ಅಂಶ. ಬೇರೆಯಾದ ಲೋಟ ಯಾವುದೆಂದು ಹೇಳಬೇಕು. ಹೇಳಲಾಗದಿದ್ದರೆ ಮುಂದಿನ ಸುತ್ತಿನಲ್ಲಿ ಕೊಬ್ಬು ಹೆಚ್ಚು. ಗುಟುಕು ಬಾಯಿಗೆ ಹಾಕಿ ಆಡಿಸಿ ಉಗುಳಬೇಕೆಂದಾಗ ವೈಜಯಂತಿಯವರು, “ಲೋಟಕ್ಕೆ ಉಗುಳೋದಾ? ಎಂಜಲು!” ಎಂದು ಎದ್ದೇಬಿಟ್ಟರು. ಅವರಿಗೆಂದೇ ಒಂದು ಹೊಸ ಸ್ಟೀಲ್ ಬೇಸಿನ್ನು ತರಿಸಿ ಕೂರಿಸಬೇಕಾಯಿತು.

ಮೊದಲನೇ ಸುತ್ತು, ಎರಡನೇ ಸುತ್ತು, ಮೂರು, ನಾಲ್ಕು. ಸಾರಿನ ಹಬೆಯಲ್ಲಿ ಉಪ್ಪು ಕಂಡುಹಿಡಿಯುವ ಹೆಂಗಸು ಮೂಗು ಮುಚ್ಚಿಕೊಂಡು ಕೂತು, ಪ್ರತಿ ಸಲವೂ ತಪ್ಪು ಲೋಟ ತೋರಿಸುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಕೊನೆಯ ಸುತ್ತಿನ ಲೋಟದಲ್ಲಿ ಕೊಬ್ಬು ಎಷ್ಟಿರುತ್ತಿತ್ತೆಂದರೆ ಹೆಚ್ಚಿನವರು ಮುಖ ಸಿಂಡರಿಸುತ್ತಿದ್ದರು. ಅದರಲ್ಲೂ ಅವರು ಅನುಮಾನದಿಂದಲೇ ಸರಿಯಾದುದನ್ನು ತೋರಿಸಿದರು. ಇಂಚರಾಳದೂ ಹೆಚ್ಚು ಕಡಿಮೆ ಹಾಗೇ ಆಯಿತು. ಅವಳು ಹೊರಗೆ ಹೋಗಿ ಅಂಗಳದ ಬಿಸಿಲಲ್ಲಿ ಕೂತಳು.

ಯಾರಿಗೂ ಅವರ ಫಲಿತಾಂಶ ಹೇಳಬಾರದೆಂಬುದು ನಿಯಮ, ಹಾಗಾಗಿ ನಾನು ಹೇಳಲಿಲ್ಲ. ಹೇಳಿದವಳು ರತ್ನಪ್ರಭಾ. ಕಾರಿಡಾರಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ, “ಯಪ್ಪಾ, ಮೊದಲನೇದ್ರಾಗ ಗೊತ್ತಾತ್ರೀ ಅಕ್ಕಾರ. ಬಾಯೆಲ್ಲಾ ಜಿಡ್ಡು!” ಎಂದಳು.

“ಜಿಡ್ಡಾ?” ವೈಜಯಂತಿಯವರು ಅವಳನ್ನೇ ನೋಡಿದರು. “ನನಗೆ ಎಲ್ಲಾ ಒಂದೇ ಥರ ಇತ್ತಲ್ಲ. ಹರ್ಷಿಣಿ ಬರೀ ನೀರು ಕೊಟ್ಟು ತಮಾಷೆ ಮಾಡ್ತಿದ್ದಾಳೆ ಅಂದ್ಕೊಂಡೆ.”

“ನಿಮಗೆಲ್ಲಿ ಗೊತ್ತಾಗಬೇಕ್ರೀ,” ರತ್ನಪ್ರಭಾ ನಕ್ಕಳು, “ದಿನಾ ಅಷ್ಟು ತುಪ್ಪದಾಗ ಉಣ್ಣಾವ್ರಿಗೆ!”

“ಯಾವ ತುಪ್ಪ?”

ಅವರು ನಿಜವಾಗಿಯೂ ಕೇಳುತ್ತಿದ್ದರು. ರತ್ನಪ್ರಭಾಳ ನಗು ಅರ್ಧಕ್ಕೆ ನಿಂತಿತು. ಅವಳ ಮನೆಯಲ್ಲಿ ತುಪ್ಪ ಹಬ್ಬಕ್ಕೆ ಹೋಳಿಗೆಯ ಜೊತೆ ಬರುವ ಪದಾರ್ಥ, ಆದ್ದರಿಂದ ಅವಳ ಕಣ್ಣಿಗೆ ಅದು ಕಂಡಿತ್ತು. ನನ್ನ ಮನೆಯಲ್ಲಿ ಅದು ವೈಜಯಂತಿಯವರ ಮನೆಯ ಹಾಗೆಯೇ, ಬಡಿಸುವ ಕ್ರಮದ ಒಂದು ಭಾಗ. ನನಗೆ ಆ ಫಾರಂ ಕಣ್ಣ ಮುಂದೆ ಬಂತು. ಹದಿನಾಲ್ಕನೇ ಸಾಲು: ಮೇಲಿನಿಂದ ಹಾಕಿಕೊಂಡ ತುಪ್ಪ, ಬೆಣ್ಣೆ, ಎಣ್ಣೆ. ಏಳು ದಿನಕ್ಕೂ ಅಲ್ಲಿ ‘ಇಲ್ಲ’ ಎಂದು ನಾನೇ ಬರೆದಿದ್ದೆ. ಆ ಏಳೂ ದಿನ ಆ ತುಪ್ಪವನ್ನು ನಾನೂ ಉಂಡಿದ್ದೆ.

ಮನೆಗೆ ಬಂದು ಸಂಜೆ ಐದು ಗಂಟೆಗೆ ವೈಜಯಂತಿಯವರು ಅಡುಗೆಮನೆಯ ನೆಲದ ಮೇಲೆ ಕೂತರು. ಕೆಮ್ಮಿನ ಔಷಧಿಯ ಸೀಸೆಯ ಮುಚ್ಚಳವನ್ನು ತೊಳೆದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಅಳತೆಯ ಗೆರೆಗಳಿದ್ದವು.

“ಅವಳಿಗೆ ಬಡಿಸೋ ಹಾಗೇ ಬಡಿಸ್ತೀನಿ. ನೀನು ಅಳತೆ ಮಾಡು.”

ಖಾಲಿ ಬಟ್ಟಲಿಗೆ ಮಿಳ್ಳೆ ಬಗ್ಗಿಸಿದರು. ಬೆಳಗಿನ ದೋಸೆಗೆ ಎರಡು ಸಲ. ಚಪಾತಿಗೆ ಸವರಿದ್ದು. ಮಧ್ಯಾಹ್ನ ತಟ್ಟೆಗೆ, ತೊವ್ವೆಗೆ, ಹುಳಿಗೆ, ಸಾರಿಗೆ. ರಾತ್ರಿಗೆ ಮತ್ತೆ ನಾಲ್ಕು. ಒಟ್ಟು ಹನ್ನೊಂದು ಸಲ. ನಾನು ಪ್ರತಿ ಸಲವೂ ಮುಚ್ಚಳಕ್ಕೆ ಸುರಿದು ಗೆರೆ ನೋಡಿ ಇನ್ನೊಂದು ಬಟ್ಟಲಿಗೆ ಹಾಕಿದೆ. ಎಂಬತ್ತು ಮಿಲಿಲೀಟರ್ ದಾಟಿತು. ಆ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದ ಕ್ಯಾಲೊರಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು. ಚಂದ್ರಮೋಹನ ಸರ್ ಹುಡುಕುತ್ತಿದ್ದ ಕಳ್ಳತನದ ಕ್ಯಾಲೊರಿ ಅಷ್ಟೂ ಆ ಬಟ್ಟಲಲ್ಲಿತ್ತು.

“ಬರೀಬೇಕು ಅಂತ ಹೊಳೀಲೇ ಇಲ್ಲ ಕಣೇ,” ಎಂದರು. “ತುಪ್ಪ ಊಟ ಅಲ್ವಲ್ಲ. ಅನ್ನ ಶುದ್ಧಿ ಆಗ್ಲಿ ಅಂತ ಹಾಕೋದು. ಲೋಟದ ನೀರು ಬರೆದೆನಾ? ಹಾಗೇ ಇದೂನೂ. ‘ಅಮ್ಮಾ ಇನ್ನೂ ಸ್ವಲ್ಪ’ ಅಂತ ಬಟ್ಟಲು ಒಡ್ಡೋಳು, ಹಾಕೇ ಇಲ್ವೇನೋ ಅಂದ್ಕೊಂಡು ಹಾಕ್ತಿದ್ದೆ. ನನಗೂ ಹಾಕಿದ ಹಾಗೇ ಅನ್ನಿಸ್ತಿರ್ಲಿಲ್ಲ.”

ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿ, “ಈ ನಾಲಗೆ ನನ್ನಿಂದ ಅವಳಿಗೆ ಬಂದಿದ್ದಾ?” ಎಂದು ಕೇಳಿದರು.

“ಇರಬಹುದು ಅಕ್ಕ. ನಿಜವಾಗಿ ಯಾರಿಗೂ ಗೊತ್ತಿಲ್ಲ.”

“ನಾಲಗೆ ನನ್ನದು. ಬಡಿಸಿದ ಕೈಯೂ ನನ್ನದು. ಕಳ್ಳತನ ಮಾತ್ರ ಅವಳದು ಅಂದೆ.”

ಸಂಶೋಧನೆಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಎಪ್ಪತ್ತು ಮನೆಗಳ ಫಲಿತಾಂಶ ಕೂಡಿಸಿದಾಗ ನಮಗೆ ಗಟ್ಟಿಯಾಗಿ ಹೇಳುವಂಥದ್ದೇನೂ ಸಿಗಲಿಲ್ಲ. ಜೀನ್ ಬೇರೆಯಿದ್ದ ಕೆಲವರಿಗೆ ಜಿಡ್ಡು ತಡವಾಗಿ ತಿಳಿಯುವಂತೆ ಕಂಡಿತು, ಕೆಲವರಿಗೆ ಕಾಣಲಿಲ್ಲ. ತಡವಾಗಿ ತಿಳಿಯುವವರಲ್ಲಿ ತೆಳ್ಳಗಿನ ಮಕ್ಕಳೂ ಇದ್ದರು. ವೈಜಯಂತಿಯವರೇ ದಪ್ಪಗಿರಲಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ಕೂರದ ಹೆಂಗಸು ಅವರು. ಮಗಳು ಆಡಲು ಮುನಿರ್ಕಾದ ಗಲ್ಲಿಯಲ್ಲಿ ಸ್ಕೂಟರು ನಿಲ್ಲಿಸುವಷ್ಟೂ ಜಾಗವಿರಲಿಲ್ಲ. ಅವರಿಬ್ಬರ ಜೀನ್ ಏನು ಹೇಳಿತೆಂದು ನನಗೂ ತಿಳಿಯದು. ಮಾದರಿಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಒಂದು ಮಗು ದಪ್ಪಗಾಗಲು ಹತ್ತು ಕಾರಣ ಕೂಡಬೇಕು, ಅದನ್ನು ಕಳ್ಳಿಯೆನ್ನಲು ಒಬ್ಬರ ಬಾಯಿ ಸಾಕು. ಆ ಹತ್ತರಲ್ಲಿ ಒಂದನ್ನು ನಾನು ನಾಲ್ಕು ವರ್ಷ ಹುಡುಕಿದೆ. ಬಾಯಿ ಮಾತ್ರ ನನ್ನ ಬಳಿಯೇ ಇತ್ತು.

ಆ ಸಂಜೆ ವೈಜಯಂತಿಯವರು ಕೈ ತೊಳೆದುಕೊಂಡು ಒಳಕೋಣೆಗೆ ಹೋದರು. ನಾನೂ ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತೆ. ಇಂಚರಾ ಮಂಚದ ಮೇಲೆ ಬೋರಲು ಮಲಗಿ ಶಾಲೆಯ ಚಾರ್ಟಿಗೆ ಬಣ್ಣ ಹಚ್ಚುತ್ತಿದ್ದಳು. ಅಮ್ಮನನ್ನು ನೋಡಿದ ಕೂಡಲೇ ಎದ್ದು ಕೂತು, ಕೇಳುವ ಮೊದಲೇ ಎರಡೂ ಜೇಬು ಹೊರಗೆಳೆದು ತೋರಿಸಿದಳು. ಖಾಲಿ ಜೇಬುಗಳು. ವೈಜಯಂತಿಯವರಿಗೆ ಆಗ ಅಳು ತಡೆಯಲಾಗಲಿಲ್ಲ. ಅವರು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ.

“ಮುಚ್ಚೇ ಅದನ್ನ,” ಎಂದು ತಾವೇ ಜೇಬುಗಳನ್ನು ಒಳಗೆ ತಳ್ಳಿದರು. “ನೀನು ಕದ್ದಿರ್ಲಿಲ್ಲ ಪುಟ್ಟಿ. ತಪ್ಪು ನಂದು. ಬರೆಯೋದ್ರಲ್ಲಿ ನಾನೇ ಬಿಟ್ಟಿದ್ದೆ. ನೀನು ಏನೂ ಕದ್ದಿರ್ಲಿಲ್ಲ.”

ಇಂಚರಾ ಹಸಿರು ಕ್ರೆಯಾನಿನ ಕಾಗದವನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಪೆಹ್ಲೇ ನಹೀಂ,” ಎಂದಳು. ಆಮೇಲೆ ತಾನಾಗಿಯೇ ಕನ್ನಡಕ್ಕೆ ಬಂದಳು. “ಮೊದ್ಲು ಕದ್ದಿರ್ಲಿಲ್ಲ. ನೀನು ಕಳ್ಳಿ ಅಂದಮೇಲೆ ಕದ್ದೆ. ನನ್ನ ಪಕ್ಕದಲ್ಲಿ ಕೂರೋಳ ಡಬ್ಬಿಯಿಂದ. ಮೂರು ಸಲ. ಹೇಗಿದ್ರೂ ನೀನು ನಂಬಲ್ಲ ಅಲ್ವಾ, ಇಸ್ ಲಿಯೇ.”

ಬೈಗುಳ ಬರುತ್ತದೆಂದು ಅವಳು ಭುಜ ಕುಗ್ಗಿಸಿಕೊಂಡಳು. ವೈಜಯಂತಿಯವರು ಬೈಯಲಿಲ್ಲ. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, ಕೇಳಬಾರದೆಂದುಕೊಂಡೇ ಕೇಳಿದ ಹಾಗೆ, “ಅವತ್ತಾದ್ರೂ ಹೊಟ್ಟೆ ತುಂಬಿತ್ತೇನೇ?” ಎಂದರು.

“ಇಲ್ಲ. ಹೆದರಿಕೆ ಆಗಿತ್ತು. ಏನು ತಿಂದೆ ಅಂತಾನೂ ಗೊತ್ತಾಗ್ಲಿಲ್ಲ.”

ಹೊರಗೆ ಗಲ್ಲಿಯಲ್ಲಿ ತರಕಾರಿ ಭಯ್ಯಾ ಕೂಗುತ್ತಾ ಹೋದ. ಇಂಚರಾ ಅಮ್ಮನ ಸೆರಗಿನೊಳಗಿಂದಲೇ ಕೇಳಿದಳು.

“ಅಮ್ಮಾ, ನಾನು ಕದೀತೀನಿ ಅಂತ ನಿನಗೆ ಯಾರು ಹೇಳಿದ್ದು?”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ವೈಜಯಂತಿಯವರು ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಮಗಳ ಕೂದಲನ್ನು ಬೆರಳಿನಿಂದ ಬಿಡಿಸುತ್ತಾ, “ಯಾರೂ ಹೇಳ್ಲಿಲ್ಲ ಪುಟ್ಟಿ. ನಾನೇ ಅಂದ್ಕೊಂಡೆ” ಎಂದರು. ನಾನು ಹೇಳಬಹುದಿತ್ತು, ಎರಡೇ ಹೆಜ್ಜೆಯ ದೂರದಲ್ಲಿದ್ದೆ. ಹೇಳಲಿಲ್ಲ. ವೈಜಯಂತಿಯವರೂ ಮುಂದೆ ಯಾವತ್ತೂ ಮಗಳಿಗೆ ನನ್ನ ಹೆಸರು ಹೇಳಲಿಲ್ಲ.